ಹೊಲದ ಮರ ಯಾರದು?

ಸಸಿ ನೆಡಿಸುವುದು ಸುಲಭ, ಅದನ್ನು ಮರವಾಗುವವರೆಗೆ ಉಳಿಸುವುದು ಕಷ್ಟ. ಕೃಷಿ ಅರಣ್ಯದ ಸೋಲು ಗೆಲುವುಗಳೆಲ್ಲ ಆ ಮರದ ಮೇಲೆ ರೈತನಿಗೆ ಎಷ್ಟು ಹಕ್ಕಿದೆ ಎಂಬುದರ ಮೇಲೆ ನಿಂತಿವೆ.

1983ರ ಆಗಸ್ಟ್ ತಿಂಗಳಲ್ಲಿ ತುಮಕೂರು ಜಿಲ್ಲೆಯ ರೈತರು ಗುಂಪುಗೂಡಿ ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿದರು. ಅಲ್ಲಿ ಬೆಳೆಸಿದ್ದ ನೀಲಗಿರಿ ಸಸಿಗಳನ್ನು ಕಿತ್ತೆಸೆದು, ಆ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜ ಊರಿದರು. ತಿಂಗಳೊಪ್ಪತ್ತಿನಲ್ಲೇ, ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಹತ್ತಿರದ ಕಾಡಿಗೆ ನಡೆದುಹೋಗಿ, ಕಡಿತಕ್ಕೆ ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೊ ಚಳವಳಿ ಶುರುವಾದದ್ದು ಹಾಗೆ.

ಒಂದೇ ರಾಜ್ಯ, ಒಂದೇ ಮಳೆಗಾಲ. ಸಸಿ ಕಿತ್ತವರೂ ರೈತರು, ಮರ ಅಪ್ಪಿದವರೂ ರೈತರು. ತುಮಕೂರಿನ ಕಡೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬಂದದ್ದು ರಾಗಿ ಬೆಳೆಯುತ್ತಿದ್ದ ಹೊಲಕ್ಕೆ, ದನ ಮೇಯುತ್ತಿದ್ದ ಗೋಮಾಳಕ್ಕೆ. ಅದರ ಸೊಪ್ಪನ್ನು ದನ ಮೂಸುವುದಿಲ್ಲ; ಅದರ ದಿಮ್ಮಿ ಲಾರಿ ಹತ್ತಿ ರೇಯಾನ್ ಮತ್ತು ಕಾಗದದ ಕಾರ್ಖಾನೆಗೆ ಹೋಗುತ್ತದೆ. ರಾಗಿ ಹೋದರೆ ಜೊತೆಗೆ ರಾಗಿ ಹುಲ್ಲೂ ಹೋಗುತ್ತದೆ, ಕಳೆ ತೆಗೆಯುವವರ ಕೂಲಿಯೂ ಹೋಗುತ್ತದೆ. ಸಾಲ್ಕಣಿಯವರಿಗೆ ಕಾಡೆಂದರೆ ಅಡಿಕೆ ತೋಟದ ಗೊಬ್ಬರ, ಹಳ್ಳದ ನೀರು, ಒಲೆಯ ಸೌದೆ. ಎರಡೂ ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ: ಈ ಮರದಿಂದ ನಮಗೇನು ದಕ್ಕುತ್ತದೆ?

ನಲವತ್ತು ವರ್ಷ ಕಳೆದರೂ ಈ ಪ್ರಶ್ನೆ ಹಳತಾಗಿಲ್ಲ. ಹವಾಮಾನ ಬದಲಾವಣೆ, ಬರಿದಾದ ಮಣ್ಣು, ಕುಗ್ಗುತ್ತಿರುವ ಕಾಡು ಇವೆಲ್ಲಕ್ಕೂ ಕೃಷಿ ಅರಣ್ಯವೇ ಮದ್ದು ಎಂದು ಈಗ ಸರ್ಕಾರಗಳು ಹೇಳುತ್ತಿವೆ. ಹೊಲದಲ್ಲಿ ಮರ ಇರಬೇಕು ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಯಾವ ಮರ, ಯಾರ ಮರ ಎನ್ನುವುದು ಇತ್ಯರ್ಥವಾಗದೆ ನೆಟ್ಟದ್ದು ನಿಲ್ಲುವುದಿಲ್ಲ.

ಹಳೆಯ ಪದ್ಧತಿ, ಹೊಸ ನೀತಿ

ಬೆಳೆ, ಮರ, ಜಾನುವಾರು ಮೂರನ್ನೂ ಒಂದೇ ಜಮೀನಿನಲ್ಲಿ ಹೊಂದಿಸಿಕೊಂಡು ಹೋಗುವುದು ಕೃಷಿ ಅರಣ್ಯ. ಬಯಲುಸೀಮೆಯ ಬದುಗಳ ಮೇಲಿನ ಬೇವು, ಹೊಂಗೆ, ಹುಣಸೆ, ಉತ್ತರ ಕರ್ನಾಟಕದ ಎರೆ ಹೊಲಗಳ ನಡುವಿನ ಬನ್ನಿ ಮತ್ತು ಕರಿಜಾಲಿ, ಮಲೆನಾಡಿನ ಕಾಫಿ ತೋಟದ ಹಲಸು, ಅತ್ತಿ, ನಂದಿ ಎಲ್ಲವೂ ಇದರ ಹಳೆಯ ರೂಪಗಳೇ. ವಿಜ್ಞಾನದ ಕಣ್ಣಿಗೆ ಇದು ಬಿದ್ದದ್ದು ತಡವಾಗಿ. ಕೃಷಿ ಅರಣ್ಯಕ್ಕೆಂದೇ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವೊಂದು ನೈರೋಬಿಯಲ್ಲಿ ನೆಲೆಗೊಂಡದ್ದು 1978ರಲ್ಲಿ. ಭಾರತದಲ್ಲಿ ಕೃಷಿ ಅರಣ್ಯದ ಅಖಿಲ ಭಾರತ ಸಂಯೋಜಿತ ಸಂಶೋಧನಾ ಯೋಜನೆ ಆರಂಭವಾದದ್ದು, ತುಮಕೂರು ಮತ್ತು ಸಾಲ್ಕಣಿಯ ಘಟನೆಗಳು ನಡೆದ ಅದೇ 1983ರಲ್ಲಿ. 2014ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಹೊರಡಿಸಿತು. ಇಂಥ ನೀತಿ ತಂದ ಮೊದಲ ದೇಶ ಭಾರತವೇ.

ಕಾಡಿಗೂ ಹೊಲದ ಮರಕ್ಕೂ ಏನು ಸಂಬಂಧ ಎನ್ನುವುದಕ್ಕೆ ಆ ನೀತಿಯಲ್ಲಿರುವ ಅಂಕಿಗಳೇ ಉತ್ತರ. ದೇಶಕ್ಕೆ ಬೇಕಾದ ಉರುವಲಿನ ಸುಮಾರು ಅರ್ಧದಷ್ಟು, ಸಣ್ಣ ಮರಮಟ್ಟಿನ ಮೂರರಲ್ಲಿ ಎರಡು ಪಾಲು, ಪ್ಲೈವುಡ್‌ಗೆ ಬೇಕಾದ ಮರದ ಶೇ 70ರಿಂದ 80, ಕಾಗದದ ತಿರುಳಿಗೆ ಬೇಕಾದ ಕಚ್ಚಾವಸ್ತುವಿನ ಶೇ 60 ಭಾಗ ಹೊಲಗಳಿಂದಲೇ ಬರುತ್ತಿದೆ ಎನ್ನುತ್ತದೆ ಅದು. 1996ರ ಡಿಸೆಂಬರ್‌ನಲ್ಲಿ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಮರ ಕಡಿತಕ್ಕೆ ಬಿಗಿಯಾದ ಕಡಿವಾಣ ಹಾಕಿದ ಮೇಲೆ ಕಾರ್ಖಾನೆಗಳು ರೈತನ ಕಡೆ ತಿರುಗಿದವು. ಹೊಲ ಇಷ್ಟನ್ನೂ ಪೂರೈಸದಿದ್ದರೆ ಆ ಹೊರೆ ಬೀಳುತ್ತಿದ್ದುದು ಕಾಡಿನ ಮೇಲೆಯೇ. ಕೃಷಿ ಅರಣ್ಯ ಕಾಡಿಗೆ ಮಾಡುವ ಮೊದಲ ಉಪಕಾರ ಇದು: ಅದನ್ನು ಅದರ ಪಾಡಿಗೆ ಬಿಡಲು ಅನುವು ಮಾಡಿಕೊಡುವುದು.

ಎರಡನೆಯ ಉಪಕಾರ ಹಕ್ಕಿಗಳ ಮೂಲಕ ಆಗುತ್ತದೆ. ಚದುರಿಹೋದ ಕಾಡಿನ ತುಂಡುಗಳ ನಡುವೆ ಹೊಲದಲ್ಲೊಂದು ಆಲವೋ ಅತ್ತಿಯೋ ಇದ್ದರೆ ಹಕ್ಕಿ, ಬಾವಲಿಗಳು ಅಲ್ಲಿ ಕೂತು ಹೋಗುತ್ತವೆ. ಅವು ಉದುರಿಸಿದ ಬೀಜ ಮರದ ಬುಡದಲ್ಲೇ ಮೊಳೆಯುತ್ತದೆ. ಪಶ್ಚಿಮ ಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳನ್ನು ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಹೆಚ್ಚು ಬಗೆಯ ಹಕ್ಕಿಗಳು ಸಿಕ್ಕಿದ್ದು ಕಾಫಿ ತೋಟದಲ್ಲಿ. ನೆರಳಿಗೆ ಹತ್ತಾರು ಜಾತಿಯ ಮರ ಬಿಟ್ಟಿರುವುದರ ಫಲ ಅದು.

ಮಣ್ಣಿನೊಳಗಿನ ಲೆಕ್ಕ

ಮರ ಮತ್ತು ಬೆಳೆ ನೆರೆಹೊರೆಯವರಂತೆ ಬದುಕುತ್ತವೆ. ಕೊಡುಕೊಳ್ಳುವುದೂ ಉಂಟು, ಗಡಿ ಜಗಳವೂ ಉಂಟು. ರಾಗಿ, ಜೋಳದ ಬೇರು ಮೇಲ್ಪದರದಲ್ಲಿ ಹರಡುತ್ತದೆ. ಮರದ ಬೇರು ಇನ್ನೂ ಆಳಕ್ಕಿಳಿದು, ಬೆಳೆಗೆ ಎಟುಕದ ನೀರು ಮತ್ತು ಪೋಷಕಾಂಶವನ್ನು ಮೇಲೆತ್ತಿ ಎಲೆಯಾಗಿ ಮಾಡಿ ಮತ್ತೆ ನೆಲಕ್ಕೆ ಉದುರಿಸುತ್ತದೆ. ಗೊಬ್ಬರದ ಗಿಡ, ಹೊಂಗೆ, ಹಾಲುವಾಣದಂಥ ದ್ವಿದಳ ಜಾತಿಯವು ಗಾಳಿಯ ಸಾರಜನಕವನ್ನೂ ಮಣ್ಣಿಗಿಳಿಸುತ್ತವೆ. ಬದುವಿನ ಮೇಲಿನ ಮರಸಾಲು ಬಿಸಿಗಾಳಿಯ ಹೊಡೆತ ತಗ್ಗಿಸುತ್ತದೆ, ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಬದುವನ್ನು ಹಿಡಿದಿಡುತ್ತದೆ. ಮಳೆ ಕೈಕೊಟ್ಟ ವರ್ಷ ಹುಣಸೆ, ಬೇವಿನ ಬೀಜ, ನಾಲ್ಕು ಹೊರೆ ಮೇವಾದರೂ ಮನೆಗೆ ಬರುತ್ತದೆ.

ನಷ್ಟದ ಬಾಬತ್ತೂ ಇದೆ. ಮರದ ಬುಡದ ನಾಲ್ಕಾರು ಸಾಲಿನಲ್ಲಿ ಬೆಳೆ ಕುಗ್ಗುತ್ತದೆ ಎಂಬ ರೈತರ ದೂರು ಸುಳ್ಳಲ್ಲ. ಅದಕ್ಕೇ ಸಾಲುಗಳನ್ನು ಪೂರ್ವ-ಪಶ್ಚಿಮವಾಗಿ ಹಾಕುವುದು, ಬದು ಮತ್ತು ಬೆಳೆಯ ನಡುವೆ ಕಂದಕ ತೋಡಿ ಅಡ್ಡಬೇರು ಕಡಿಯುವುದು, ಬಿತ್ತನೆಗೆ ಮುಂಚೆ ಕೊಂಬೆ ಸವರುವುದು. ಇಷ್ಟು ಆರೈಕೆ ಇಲ್ಲದಿದ್ದರೆ ಮರ ಹೊರೆಯಾಗುತ್ತದೆ.

ಮರದ ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಹೊಸಕೋಟೆಯೇ ಸಾಕ್ಷಿ. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಅವರ ಕರ್ನಾಟಕದ ಸಹೋದ್ಯೋಗಿಗಳು ಅಲ್ಲಿನ ಆಳ ಮಣ್ಣಿನ ನೆಡುತೋಪಿನಲ್ಲಿ ನೀಲಗಿರಿ ಕುಡಿಯುವ ನೀರನ್ನು ಅಳೆದರು. ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಮರ ಬಳಸಿತ್ತು. ಹಿಂದಿನ ವರ್ಷಗಳಲ್ಲಿ ಮಣ್ಣಿನಾಳದಲ್ಲಿ ಉಳಿದಿದ್ದ ತೇವವನ್ನು ಅದರ ಬೇರು ಹುಡುಕಿ ಹೀರಿತ್ತು. 1997ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಮುಂಚೆ, ಮಣ್ಣು ಅಷ್ಟು ಆಳವಿಲ್ಲದ ಕಡೆ ನಡೆದ ಅಳತೆಯಲ್ಲಿ ನೀಲಗಿರಿ ಅಲ್ಲಿನ ನಾಡು ಮರಗಳಿಗಿಂತ ಹೆಚ್ಚು ನೀರು ಕುಡಿದಿರಲಿಲ್ಲ. ಹಾಗಾಗಿ ಮರವನ್ನು ಒಳ್ಳೆಯದು, ಕೆಟ್ಟದ್ದು ಎಂದು ಸಾರಾಸಗಟಾಗಿ ವಿಂಗಡಿಸಲು ಬರುವುದಿಲ್ಲ. ಯಾವ ಮಣ್ಣು, ಎಷ್ಟು ಮಳೆ, ಎಕರೆಗೆ ಎಷ್ಟು ಮರ ಎಂದು ನೋಡಬೇಕು. ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, ತುಮಕೂರಿನವರು ಸಸಿ ಕಿತ್ತು ಮೂವತ್ನಾಲ್ಕು ವರ್ಷಗಳಾದ ಮೇಲೆ.

ಸೊಪ್ಪಿನ ಬೆಟ್ಟದ ಪಾಠ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಬ್ರಿಟಿಷರ ಕಾಲದಿಂದ ಬಂದ ಒಂದು ಸವಲತ್ತಿದೆ. ಒಂದು ಎಕರೆ ಬಾಗಾಯ್ತಿಗೆ 9 ಎಕರೆಯವರೆಗೆ ಅರಣ್ಯ ಭೂಮಿಯನ್ನು ಸೊಪ್ಪಿನ ಬೆಟ್ಟವಾಗಿ ಬಳಸಬಹುದು. ಭೂಮಿ ಸರ್ಕಾರದ್ದು, ಸೊಪ್ಪು, ದರಕು (ಉದುರಿದ ಒಣ ಎಲೆ), ಒಣಸೌದೆ ಬೆಳೆಗಾರನದು.

ಅಲ್ಲಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಒಂದು ಎಲೆ ಎಷ್ಟು ದಾರಿ ಸಾಗುತ್ತದೆ ಎಂದು ತಿಳಿಯುತ್ತದೆ. ಕತ್ತಿ ಹಿಡಿದು ಮರ ಹತ್ತಿದವನು ತುದಿಯ ಚಿಗುರನ್ನು ಮುಟ್ಟದೆ, ಪಕ್ಕದ ಕೊಂಬೆಗಳನ್ನು ಮಾತ್ರ ಸವರುತ್ತಾನೆ. ಮತ್ತಿ, ಹೊನ್ನೆ, ನಂದಿ, ಕವಲು ಹೀಗೆ ಮತ್ತೆ ಚಿಗುರುವ ಜಾತಿಗಳನ್ನೇ ಆರಿಸುತ್ತಾನೆ. ಸೊಪ್ಪಿನ ಹೊರೆ ಮೊದಲು ಕೊಟ್ಟಿಗೆಗೆ ಹೋಗಿ ದನಗಳ ಕಾಲಡಿ ಹಾಸಿಗೆಯಾಗುತ್ತದೆ. ಸಗಣಿ, ಗಂಜಲ ಹೀರಿದ ಮೇಲೆ ಗೊಬ್ಬರದ ಗುಂಡಿಗೆ ಬೀಳುತ್ತದೆ. ಕಳಿತದ್ದು ತೋಟದ ಅಡಿಕೆ ಬುಡ ಸೇರುತ್ತದೆ. ಬೇಸಿಗೆಯಲ್ಲಿ ಗುಡಿಸಿದ ದರಕು ಕೂಡ ಇದೇ ದಾರಿ ಹಿಡಿಯುತ್ತದೆ.

ಬೆಟ್ಟದ ಮರ ಕಡಿದು ನಾಟಾ ಮಾರುವ ಹಕ್ಕು ಬೆಳೆಗಾರನಿಗಿಲ್ಲ. ಆದರೂ ಸೊಪ್ಪಿನ ಖಾತ್ರಿ ಇರುವವರೆಗೆ ಮರ ಉಳಿಸುವುದರಲ್ಲಿ ಅವನಿಗೆ ಲಾಭವಿದೆ. ಗಡಿ ಸ್ಪಷ್ಟವಾಗಿ, ಮನೆಯವರ ನಿಗಾ ಇರುವ ಬೆಟ್ಟಗಳು ಇವತ್ತಿಗೂ ಕಾಡಿನಂತೆಯೇ ಇವೆ. ಯಾರ ಪಾಲು ಎಲ್ಲಿಗೆ ಎಂಬುದು ಗೊಂದಲವಾದ ಕಡೆ, ಎಲ್ಲರೂ ಸವರಿ ಯಾರೂ ನೋಡಿಕೊಳ್ಳದ ಕಡೆ, ಬೆಟ್ಟ ಬೋಳಾಗಿ ಹುಲ್ಲು ಬೆಳೆದಿದೆ. ಈಗ ಸೊಪ್ಪು ಕಡಿಯುವ ಆಳು ಸಿಗುವುದಿಲ್ಲ, ಕೊಟ್ಟಿಗೆಯಲ್ಲಿ ದನವೂ ಕಡಿಮೆ. ಬೆಟ್ಟದ ಮೇಲಿನ ಅವಲಂಬನೆ ಸಡಿಲವಾದಷ್ಟೂ ಅದರ ಕಾವಲೂ ಸಡಿಲವಾಗುತ್ತಿದೆ.

ಸಿಲ್ವರ್ ಓಕ್ ಗೆದ್ದದ್ದು ಹೇಗೆ?

ದೇಶದ ಕಾಫಿಯಲ್ಲಿ ಸುಮಾರು ಶೇ 70 ಭಾಗ ಕರ್ನಾಟಕದ್ದು. ಅದರಲ್ಲಿ ದೊಡ್ಡ ಪಾಲು ಕೊಡಗಿನದು. ಇಲ್ಲಿನ ಕಾಫಿ ನೆರಳಿನಲ್ಲಿ ಬೆಳೆಯುತ್ತದೆ: ಕೆಳಗೆ ಹಾಲುವಾಣದ ತೆಳುನೆರಳು, ಮೇಲೆ ಕಾಡುಮರಗಳ ಎತ್ತರದ ಚಪ್ಪರ. ಮಳೆಗಾಲಕ್ಕೆ ಮುಂಚೆ ತೋಟಗಳಲ್ಲಿ ಮರಗಸಿ ಶುರುವಾಗುತ್ತದೆ. ಹಗ್ಗ, ಏಣಿ ಹಿಡಿದು ಮರ ಹತ್ತಿದವರು ಎಲ್ಲಿ ಬೆಳಕು ಬೇಕು, ಎಲ್ಲಿ ನೆರಳು ಉಳಿಯಬೇಕು ಎಂದು ನೋಡಿ ಕೊಂಬೆ ಕಡಿಯುತ್ತಾರೆ. ನೆರಳು ಹೆಚ್ಚಾದರೆ ಕೊಳೆರೋಗ. ಕಡಿಮೆಯಾದರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ. ಮರಗಸಿ ಅಪಾಯದ ಕೆಲಸ, ಬಿದ್ದು ಪ್ರಾಣ ಕಳೆದುಕೊಂಡವರಿದ್ದಾರೆ. ನುರಿತವರು ಸಿಗುವುದೇ ಈಗ ಕಷ್ಟ.

ಇಂಥ ತೋಟಗಳಿಗೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನುಗ್ಗಿತು. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದಂತಿದೆ. ಆದರೆ ಅದರ ಗೆಲುವಿನ ಗುಟ್ಟು ಅರ್ಧ ಕಾನೂನಿನಲ್ಲಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ಸರ್ವೆ, ನೀಲಗಿರಿ, ತೆಂಗು, ರಬ್ಬರ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ನಂದಿ, ಹೊನ್ನೆ, ಮತ್ತಿಗೆ ಇಲ್ಲ. ಕೊಡಗಿನಲ್ಲಿ ಇದರ ಮೇಲೆ ಇನ್ನೊಂದು ಗಂಟು: ‘ಅನ್‌ರಿಡೀಮ್ಡ್’ ಎಂದು ದಾಖಲಾದ ಜಮೀನಿನಲ್ಲಿ, ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಳ್ಳುವವರೆಗೆ ಮರ ಸರ್ಕಾರದ್ದೇ.

ಬೆಳೆಗಾರನ ಕಡೆಯಿಂದ ಯೋಚಿಸಿ. ಹೊನ್ನೆ ಸಸಿ ತಾನಾಗಿ ಹುಟ್ಟಿದೆ. ಬೆಳೆಸಿದರೆ ಐವತ್ತು ವರ್ಷದ ನಂತರ ಮೊಮ್ಮಗ ಅರ್ಜಿ ಹಿಡಿದು ಕಚೇರಿಗೆ ಅಲೆಯಬೇಕು. ಸಿಲ್ವರ್ ಓಕ್ ನೆಟ್ಟರೆ ಮಗಳ ಮದುವೆಗೋ ಮನೆ ರಿಪೇರಿಗೋ ಒಂದು ಲೋಡ್ ಕಡಿದು ಮಾರಬಹುದು. ಹೊನ್ನೆ ಸಸಿ ಕಳೆಯ ಜೊತೆಗೇ ಕತ್ತಿಗೆ ಬಲಿಯಾಗುತ್ತದೆ. ಕಾಡುಮರ ಉಳಿಯಲಿ ಎಂದು ಮಾಡಿದ ಕಟ್ಟುಪಾಡು, ಕಾಡುಮರದ ಮುಂದಿನ ಪೀಳಿಗೆಯೇ ಇಲ್ಲದಂತೆ ಮಾಡಿತು.

ಆನೆಯ ಲೆಕ್ಕವೂ ಇದರಲ್ಲಿ ಸೇರಿಕೊಂಡಿದೆ. ಹಲಸಿನ ಮರವಿದ್ದರೆ ಹಣ್ಣಿನ ಕಾಲದಲ್ಲಿ ಆನೆ ತೋಟಕ್ಕಿಳಿಯುತ್ತದೆ ಎಂದು ಹಲವರು ಎಳೆಗಾಯಿಯನ್ನೇ ಕಿತ್ತುಹಾಕುತ್ತಾರೆ, ಇನ್ನು ಕೆಲವರು ಮರವನ್ನೇ ತೆಗೆಸುತ್ತಾರೆ. ವನ್ಯಜೀವಿಗೆ ನೆಲೆ ಕೊಡುವ ತೋಟದ ಖರ್ಚನ್ನು ತೋಟದವರೊಬ್ಬರೇ ಹೊರಬೇಕೆಂದರೆ ಆ ನೆಲೆ ಬಹುಕಾಲ ಇರುವುದಿಲ್ಲ.

ನೈಜರ್‌ನ ಬುಡದ ಚಿಗುರು

ಹಕ್ಕು ಬದಲಾದರೆ ನೆಲ ಹೇಗೆ ಬದಲಾಗುತ್ತದೆ ಎನ್ನುವುದನ್ನು ತೋರಿಸಿದ ದೇಶ ಪಶ್ಚಿಮ ಆಫ್ರಿಕಾದ ನೈಜರ್. ಫ್ರೆಂಚರ ಆಡಳಿತದ ಕಾನೂನು ಹೊಲದ ಮರವನ್ನೂ ಸರ್ಕಾರದ ಸ್ವತ್ತು ಮಾಡಿತ್ತು. ಮರ ತಮ್ಮದಲ್ಲ ಎಂದಮೇಲೆ ರೈತರು ಉಳುವಾಗ ಸಿಕ್ಕ ಚಿಗುರನ್ನೆಲ್ಲ ಕಡಿದು ಹೊಲ ಬೋಳು ಮಾಡಿಕೊಂಡರು. ಮಾರಾದಿ ಪ್ರದೇಶದಲ್ಲಿ ಸಸಿ ನೆಡಿಸುವ ಕೆಲಸದಲ್ಲಿದ್ದ ಆಸ್ಟ್ರೇಲಿಯಾದ ಟೋನಿ ರಿನಾಡೊ ಅವರಿಗೆ ನೆಟ್ಟ ಸಸಿಗಳಲ್ಲಿ ಬಹುಪಾಲು ಸತ್ತು ಸಾಕಾಗಿತ್ತು. 1983ರಲ್ಲಿ ಒಮ್ಮೆ ಮರಳು ದಾರಿಗೆಂದು ವಾಹನದ ಟಯರ್‌ನ ಗಾಳಿ ಇಳಿಸುತ್ತಿದ್ದಾಗ ಪಕ್ಕದ ಪೊದೆಯ ಎಲೆಯನ್ನು ನೋಡಿದರು. ಅದು ಪೊದೆಯಾಗಿರಲಿಲ್ಲ, ಹಿಂದೆಂದೋ ಕಡಿದ ಮರದ ಬುಡದಿಂದ ಎದ್ದ ಚಿಗುರು. ಬಯಲಿನ ತುಂಬ ಅಂಥ ಬುಡಗಳಿದ್ದವು. ನೆಲದೊಳಗಿನ ಬೇರು ಇನ್ನೂ ಜೀವಂತವಿತ್ತು.

ಹಲವು ಚಿಗುರುಗಳಲ್ಲಿ ಗಟ್ಟಿಯಾದ ಎರಡು ಮೂರನ್ನು ಉಳಿಸಿ, ಮಿಕ್ಕವನ್ನು ಸವರಿ, ದನದ ಬಾಯಿಂದ ಕಾಯುವುದು, ತಂತ್ರ ಇಷ್ಟೇ. ಸಸಿಯೂ ಬೇಡ, ನೀರೂ ಬೇಡ. ಆದರೆ ಇದು ಹರಡಲು ದಾರಿಯಾದದ್ದು 1980ರ ದಶಕದ ನಡುಭಾಗದಿಂದ ಅಧಿಕಾರಿಗಳು ಹಳೆಯ ಕಾನೂನನ್ನು ಸಡಿಲಬಿಟ್ಟು, ಬೆಳೆಸಿದವನೇ ಕಡಿದುಕೊಳ್ಳಲಿ ಎಂದ ಮೇಲೆ. ಎರಡು ದಶಕಗಳಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಸಾಗುಭೂಮಿಯಲ್ಲಿ ಮರಗಳೆದ್ದವು. ಅಲ್ಲಿನವರು ಗಾವೊ ಎಂದು ಕರೆಯುವ ಜಾಲಿಯ ಬಳಗದ ಮರವೊಂದು ಮಳೆಗಾಲದಲ್ಲೇ ಎಲೆ ಉದುರಿಸುತ್ತದೆ. ಸಜ್ಜೆ, ಜೋಳಕ್ಕೆ ಬಿಸಿಲು ಬೇಕಾದಾಗ ಬಿಸಿಲು, ಗೊಬ್ಬರ ಬೇಕಾದಾಗ ಗೊಬ್ಬರ. ಬೇಸಿಗೆಯಲ್ಲಿ ದನಕ್ಕೆ ನೆರಳು, ಮೇವು.

ಗಂಧ ಹೇಳುವ ಕಥೆ

ಇದೇ ಪಾಠ ಕರ್ನಾಟಕದಲ್ಲೂ ಒಮ್ಮೆ ಪರೀಕ್ಷೆಗೊಳಗಾಗಿದೆ. ಟಿಪ್ಪುವಿನ ಕಾಲದಲ್ಲಿ ರಾಜವೃಕ್ಷವಾದ ಶ್ರೀಗಂಧ ಸ್ವಾತಂತ್ರ್ಯದ ನಂತರವೂ ಸರ್ಕಾರದ ಮರವಾಗಿಯೇ ಉಳಿಯಿತು. ಹೊಲದಲ್ಲಿ ಗಂಧದ ಸಸಿ ಹುಟ್ಟಿದರೆ ರೈತನಿಗೆ ಕಾವಲಿನ ಹೊಣೆ, ಕಳುವಾದರೆ ವಿಚಾರಣೆಯ ಭಯ. ಸದ್ದಿಲ್ಲದೆ ಕಿತ್ತೊಗೆಯುವುದೇ ಕ್ಷೇಮ ಎನಿಸುತ್ತಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಜಮೀನಿನಲ್ಲಿರುವ ಗಂಧದ ಮರಕ್ಕೆ ಜಮೀನಿನವನೇ ಒಡೆಯನಾದ. ಆಮೇಲೆ ರೈತರು ಗಂಧ ನೆಡಲು ತೊಡಗಿದರು.

ಗಂಧ ಒಂಟಿಯಾಗಿ ಬೆಳೆಯದ ಮರ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಪೋಷಕಾಂಶ ಹೀರುತ್ತದೆ. ಅದಕ್ಕೇ ಸಸಿಯ ಪಕ್ಕದಲ್ಲೇ ತೊಗರಿ ಹಾಕುತ್ತಾರೆ, ಮುಂದೆ ದೀರ್ಘಕಾಲದ ಆಸರೆಗೆ ಸರ್ವೆ, ಹೊಂಗೆಯಂಥವನ್ನು ನೆಡುತ್ತಾರೆ. ಮಿಶ್ರ ಬೆಳೆ ಅಲ್ಲಿ ಬೋಧನೆಯಿಂದ ಬಂದದ್ದಲ್ಲ, ಮರದ ಸ್ವಭಾವವೇ ಅದನ್ನು ಕೇಳುತ್ತದೆ. ಹಾಗೆಂದು ಎಲ್ಲವೂ ಸಲೀಸಲ್ಲ. ಚೇಗು ಕಟ್ಟಲು ಹದಿನೈದು ವರ್ಷವಾದರೂ ಬೇಕು, ಅಷ್ಟರಲ್ಲಿ ಕಳ್ಳರ ಕಣ್ಣು ಬೀಳುತ್ತದೆ. ಹಕ್ಕು ಕೊಟ್ಟ ಸರ್ಕಾರ ಕಾವಲಿಗೆ ಭದ್ರತೆ ಕೊಡದಿದ್ದರೆ ಹಕ್ಕು ಕಾಗದದ ಮೇಲೇ ಉಳಿಯುತ್ತದೆ.

ಮಾರುಕಟ್ಟೆಯ ಭರವಸೆಯನ್ನು ನಂಬಿ ಏಕಜಾತಿ ನೆಡುವುದೂ ಅಪಾಯವೇ. ಹೆಬ್ಬೇವು ಕೆಲವೇ ವರ್ಷದಲ್ಲಿ ಪ್ಲೈವುಡ್ ಕಾರ್ಖಾನೆಗೆ ಬರುತ್ತದೆಂದು ಇಡೀ ಹೊಲಕ್ಕೇ ಹಾಕಿದವರಿದ್ದಾರೆ. ಎಲ್ಲರ ಮರವೂ ಒಟ್ಟಿಗೆ ಕಟಾವಿಗೆ ಬಂದರೆ ಬೆಲೆ ಹೇಳುವವನು ದಲ್ಲಾಳಿ. ಬದುವಿಗೆ ಹೆಬ್ಬೇವು, ನಡುವೆ ಮಾವೋ ಹುಣಸೆಯೋ, ಕೆಳಗೆ ತೊಗರಿ, ಅವರೆ, ಬೇಲಿಗೆ ಗೊಬ್ಬರದ ಗಿಡ ಎಂದು ಹಂಚಿಕೊಂಡವನಿಗೆ ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ. ಬೈಫ್ ಸಂಸ್ಥೆ 1982ರಲ್ಲಿ ಗುಜರಾತಿನ ವಾಂಸದಾದಲ್ಲಿ ಆದಿವಾಸಿ ರೈತರೊಂದಿಗೆ ಶುರುಮಾಡಿದ ವಾಡಿ ಪದ್ಧತಿಯ ಹೂರಣವೂ ಇದೇ: ಸುಮಾರು ಒಂದು ಎಕರೆಯಲ್ಲಿ ಹಣ್ಣಿನ ಮರ, ನಡುವೆ ಆಹಾರದ ಬೆಳೆ, ಸುತ್ತ ಕಾಡುಮರ.

ಕರ್ನಾಟಕ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಒಂದು ಜಾಣತನವಿದೆ. 2011-12ರಲ್ಲಿ ಶುರುವಾದ ಈ ಯೋಜನೆ ಸಸಿಯನ್ನು ರಿಯಾಯಿತಿ ದರಕ್ಕೆ ಕೊಟ್ಟು, ನಂತರ ಬದುಕುಳಿದ ಸಸಿಗೆ ಮಾತ್ರ ಹಣ ಕೊಡುತ್ತದೆ. ಪರಿಷ್ಕರಿಸಿದ ದರದಂತೆ ಮೊದಲ ವರ್ಷದ ಕೊನೆಗೆ 35, ಎರಡನೇ ವರ್ಷಕ್ಕೆ 40, ಮೂರನೇ ವರ್ಷಕ್ಕೆ 50, ಒಟ್ಟು 125 ರೂಪಾಯಿ. ವನಮಹೋತ್ಸವದ ಫೋಟೊಗೆ ನೆಟ್ಟು ಮರೆಯುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ತೋಟ ಕಾಡಲ್ಲ, ಆದರೂ

ಇಷ್ಟರಿಂದ ಕಾಡು ಮರಳುತ್ತದೆಯೇ? ಉತ್ತರ, ತೋಟ ಎಲ್ಲಿಂದ ಬಂತು ಎಂಬುದರ ಮೇಲಿದೆ. ಕಾಡಿನ ನೆಲಹಂತದ ಗಿಡಗಳನ್ನು ತೆಗೆದು ಕಾಫಿ ಇಟ್ಟರೆ, ಎಷ್ಟು ಮರ ಉಳಿಸಿಕೊಂಡರೂ ಅದು ಕಾಡಿನ ನಷ್ಟ. ಅದೇ ತೋಟ ಬೋಳು ಗುಡ್ಡದ ಮೇಲೆ, ಸವಕಲು ಹೊಲದ ಮೇಲೆ ಎದ್ದರೆ ಲಾಭ. ಎರಡನ್ನೂ ಒಂದೇ ಹಸಿರು ಬಣ್ಣದಲ್ಲಿ ನಕಾಶೆಗೆ ತುಂಬಿದರೆ ನಷ್ಟವೂ ಲಾಭದಂತೆ ಕಾಣುತ್ತದೆ. 2023ರ ಅರಣ್ಯ ಸ್ಥಿತಿಗತಿ ವರದಿ ದೇಶದ ಭೂಭಾಗದ ಶೇ 25.17ರಷ್ಟು ಅರಣ್ಯ ಮತ್ತು ಮರಗಳ ಹೊದಿಕೆ ಇದೆ ಎನ್ನುತ್ತದೆ. ಅದರ ‘ಅರಣ್ಯ ಹೊದಿಕೆ’ಯ ಲೆಕ್ಕದಲ್ಲಿ ನೆಡುತೋಪು, ತೋಟಗಳೂ ಸೇರುತ್ತವೆ. ಆದ್ದರಿಂದ ಆ ಅಂಕಿ ಏರಿತೆಂದು ಬೀಗುವ ಮೊದಲು, ಏರಿದ್ದು ಎಲ್ಲಿ, ಯಾವ ಮರದಿಂದ ಎಂದು ಕೇಳಬೇಕು.

ಹೊಲದ ಮರದಿಂದ ದಟ್ಟ ಕಾಡಿನ ಕೆಲಸ ಆಗುವುದಿಲ್ಲ. ಆದರೆ ಕಾಡಂಚಿನ ಜಮೀನು ಹಸಿರಾದರೆ ಸೌದೆಗೆ, ಮೇವಿಗೆ ಕಾಡಿಗೆ ಹೋಗುವ ಕಾಲುಗಳು ಕಡಿಮೆಯಾಗುತ್ತವೆ, ಒಳಗಿನ ಕಾಡು ತಾನೇ ಚೇತರಿಸಿಕೊಳ್ಳುತ್ತದೆ. ನಮ್ಮ ಎಷ್ಟೋ ಕುರುಚಲು ಕಾಡುಗಳಿಗೆ ಬೇಕಾಗಿರುವುದು ಆ ಬಿಡುವು. ಅಲ್ಲೂ ಬುಡಗಳು ಚಿಗುರುತ್ತಲೇ ಇವೆ.

2025ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೃಷಿ ಜಮೀನಿನ ಮರ ಕಡಿತಕ್ಕೆ ಮಾದರಿ ನಿಯಮಗಳನ್ನು ಪ್ರಕಟಿಸಿ, ರೈತರು ತಮ್ಮ ನೆಡುತೋಪನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿ ಅನುಮತಿ ಪಡೆಯುವ ದಾರಿ ತೋರಿಸಿದೆ. ಜಾರಿ ರಾಜ್ಯಗಳ ಕೈಯಲ್ಲಿದೆ. ಕರ್ನಾಟಕ ಅದನ್ನು ಅಳವಡಿಸುವಾಗ ಸಿಲ್ವರ್ ಓಕ್‌ಗೆ ಸಿಕ್ಕ ಸಲೀಸನ್ನು ನಂದಿ, ಹೊನ್ನೆ, ಮತ್ತಿಗೂ ಕೊಡಬೇಕು. ರೈತ ನೆಟ್ಟ ಅಥವಾ ಉಳಿಸಿಕೊಂಡ ನಾಡುಮರವನ್ನು ಮೊದಲ ದಿನವೇ ಪಹಣಿಯಲ್ಲಿ ಅವನ ಹೆಸರಿಗೆ ದಾಖಲಿಸಬೇಕು. ಕಟಾವಿನ ದಿನ ಅವನ ಕೈಗೆ ಒಂದು ರಹದಾರಿ ಸಿಗಬೇಕು, ಹತ್ತು ಕಚೇರಿಯ ಅಲೆದಾಟ ತಪ್ಪಬೇಕು. ಇದರಿಂದ ಕಾಡುಗಳ್ಳರಿಗೆ ಅನುಕೂಲವಾದೀತು ಎಂಬ ಅಂಜಿಕೆ ಇಲಾಖೆಗಿದೆ, ಅದು ಅಸಹಜವೂ ಅಲ್ಲ. ಸಸಿಯಾಗಿದ್ದಾಗಲೇ ದಾಖಲಾದ ಮರವನ್ನು ಕಾಡಿನಿಂದ ಕದ್ದದ್ದರಿಂದ ಬೇರ್ಪಡಿಸಿ ಗುರುತಿಸುವುದು ಸುಲಭ. ಹಾಗಾಗಿ ಆ ಅಂಜಿಕೆಗೂ ಪರಿಹಾರ ದಾಖಲೆಯಲ್ಲೇ ಇದೆ. ಕಡಿಯಬಹುದು ಎಂಬ ಧೈರ್ಯವಿದ್ದವನು ಮರ ಬೆಳೆಸುತ್ತಾನೆ, ಬೆಳೆಸಿದ್ದರಲ್ಲಿ ಎಲ್ಲವನ್ನೂ ಕಡಿಯುವುದೂ ಇಲ್ಲ.